ಎಲೆಮರೆಯ ಬಾಬಿನ್

ಮನೆಯಲ್ಲಿ ಹೊಲಿಗೆಯಂತ್ರವೊಂದಿದ್ದರೆ ಅದು ಬಟ್ಟೆ ಹೊಲಿಯುವ ಸಾಧನ ಮಾತ್ರವಲ್ಲ, ಕಷ್ಟಕಾಲಕ್ಕೆ ಒದಗುವ ಆಪ್ತಬಂಧುವೂ ಹೌದು. ಯಜಮಾನನ ಸಂಬಳ ತಿಂಗಳ ಕೊನೆಯವರೆಗೆ ಸಾಲದ ಮನೆಯಲ್ಲಿ ನೆರೆಹೊರೆಯವರ ರವಿಕೆ, ಲಂಗಗಳ ಹೊಲಿಗೆ ಹಾಲಿನವನ ಬಾಕಿಯನ್ನು ತೀರಿಸುತ್ತದೆ. ದಿಕ್ಕಿಲ್ಲದೆ ಉಳಿದ ಹೆಣ್ಣುಮಗಳೊಬ್ಬಳು ಯಾರ ಮುಂದೆಯೂ ಕೈಯೊಡ್ಡದೆ ಮಕ್ಕಳನ್ನು ಓದಿಸಿದಳೆಂಬ ಮಾತು ಕೇಳಿಬಂದರೆ, ಅನೇಕ ವೇಳೆ ಆ ಮಾತಿನ ಹಿಂದೆ ಇಂತಹುದೊಂದು ಯಂತ್ರದ ಸದ್ದು ಇರುತ್ತದೆ.

ಇಂತಹ ಯಂತ್ರವೇ ಎಷ್ಟೋ ಮನೆಗಳಲ್ಲಿ ಮೂಲೆ ಸೇರಿ, ಮೈಮೇಲೆ ಹೊದಿಕೆ ಹೊದ್ದು, ಹೊದಿಕೆಯ ಮೇಲೆ ಹಳೆಯ ಪತ್ರಿಕೆಗಳನ್ನು ಹೊತ್ತು ನಿಂತಿರುವುದುಂಟು. ಕಾರಣ ಕೇಳಿದರೆ, "ಮಿಷನ್ ಕೆಟ್ಟಿದೆ, ಕೆಳಗಡೆ ದಾರವೆಲ್ಲ ಗಂಟಾಗುತ್ತದೆ" ಎಂಬ ಉತ್ತರ ಬರುತ್ತದೆ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ಅಲ್ಲಿ ಆಡಿದರೆ ಅನ್ಯಾಯವಾದೀತು. ಆಕೆಗೆ ಕುಣಿಯಲು ಬಾರದೆಂದಲ್ಲ. ಹೆಜ್ಜೆಯನ್ನು ಯಾರೂ ಹೇಳಿಕೊಡಲಿಲ್ಲ. ಯಂತ್ರವನ್ನು ಮಾರಿದವನು ತುಳಿಯುವುದನ್ನು ತೋರಿಸಿದ, ಸೂಜಿಗೆ ದಾರ ಪೋಣಿಸುವುದನ್ನು ತೋರಿಸಿದ. ಕೆಳಗೆ ಕತ್ತಲೆಯಲ್ಲಿ ಕುಳಿತ ಬಾಬಿನ್ನಿನ ವಿಚಾರವನ್ನು ಮಾತ್ರ ಎರಡು ಮಾತಿನಲ್ಲಿ ಮುಗಿಸಿ ಹೊರಟುಹೋದ. ಹೊಲಿಗೆಯ ಒಳಿತು ಕೆಡಕುಗಳಲ್ಲಿ ಅರ್ಧಭಾಗ ಆ ಪುಟ್ಟ ಉರುಳೆಯ ಕೈಯಲ್ಲಿದೆ. ಅದು ಎಲೆಮರೆಯ ಕಾಯಿ.

ಲಾಳಿಯ ಮೊಮ್ಮಗಳು

ಮಗ್ಗವನ್ನು ಬಲ್ಲ ನಾಡಿಗೆ ಬಾಬಿನ್ ಹೊಸದೇನಲ್ಲ. ಇಳಕಲ್ಲಿನಲ್ಲಾಗಲಿ, ಗುಳೇದಗುಡ್ಡದಲ್ಲಾಗಲಿ, ನೇಕಾರರ ಮನೆಯ ಹೆಂಗಸರು ಕಂಡಿಕೆ ಸುತ್ತುವುದನ್ನು ನೋಡಿದವರಿಗೆ ವಿಷಯ ಅರ್ಧ ತಿಳಿದಂತೆಯೇ. ಕಂಡಿಕೆಯನ್ನು ಲಾಳಿಯೊಳಗಿಟ್ಟು ಹಾಸಿನ ಎಳೆಗಳ ನಡುವೆ ಓಡಿಸಿದರೆ ಬಟ್ಟೆಯಾಗುತ್ತದೆ. ಹೊಲಿಗೆಯಂತ್ರದ ಮೊದಲ ನಿರ್ಮಾಪಕರೂ ಇದೇ ಲಾಳಿಯನ್ನು ಎರವಲು ಪಡೆದರು. ಅಮೆರಿಕದ ಎಲಿಯಸ್ ಹೋವೆ 1846ರಲ್ಲಿ ಹಕ್ಕುಪತ್ರ ಪಡೆದ ಯಂತ್ರದಲ್ಲಿ, ತುದಿಯ ಬಳಿ ಕಣ್ಣುಳ್ಳ ಸೂಜಿಯೊಂದು ಬಟ್ಟೆಯನ್ನು ಚುಚ್ಚುತ್ತಿತ್ತು. ಆಚೆಯ ಬದಿಯಲ್ಲಿ ದಾರವನ್ನು ಹೊತ್ತ ಲಾಳಿಯೊಂದು ಅತ್ತಿಂದಿತ್ತ ಓಡುತ್ತಿತ್ತು.

ಅದಕ್ಕೂ ಮೊದಲು ಫ್ರಾನ್ಸಿನ ಬಾರ್ತೆಲೆಮಿ ತಿಮೋನಿಯೆ ಎಂಬ ದರ್ಜಿ 1830ರಲ್ಲಿ ಒಂದು ಯಂತ್ರವನ್ನು ರೂಪಿಸಿದ್ದ. ಅದರಲ್ಲಿ ಬಾಬಿನ್ ಇರಲಿಲ್ಲ. ಒಂದೇ ದಾರದಿಂದ ಸರಪಳಿಯಂತೆ ಹೊಲಿಗೆ ಬೀಳುತ್ತಿತ್ತು. ಆ ಬಗೆಯ ಹೊಲಿಗೆಯ ಗುಣವನ್ನು ಅಕ್ಕಿಚೀಲದ ಬಾಯಿ ಬಿಚ್ಚಿದವರೆಲ್ಲ ಬಲ್ಲರು: ಸರಿಯಾದ ತುದಿ ಸಿಕ್ಕಿತೆಂದರೆ ಒಂದೇ ಎಳೆತಕ್ಕೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಚೀಲಕ್ಕೆ ಅದು ಅನುಕೂಲ. ರವಿಕೆಯ ತೋಳಿಗೆ ಅಪಾಯ. ತಿಮೋನಿಯೆಯ ಯಂತ್ರಗಳು ಪ್ಯಾರಿಸ್ಸಿನಲ್ಲಿ ಸೈನಿಕರ ಉಡುಪನ್ನು ಹೊಲಿಯುತ್ತಿದ್ದಾಗ, ತಮ್ಮ ಅನ್ನ ಹೋದೀತೆಂದು ಹೆದರಿದ ದರ್ಜಿಗಳು 1831ರಲ್ಲಿ ನುಗ್ಗಿ ಅವನ್ನು ಪುಡಿಮಾಡಿದರು. ನ್ಯೂಯಾರ್ಕಿನ ವಾಲ್ಟರ್ ಹಂಟ್ 1830ರ ದಶಕದ ಮೊದಲ ಭಾಗದಲ್ಲೇ ಎರಡು ದಾರದ ಹೊಲಿಗೆಯನ್ನು ಸಾಧಿಸಿದ್ದರೂ ಆಗ ಹಕ್ಕುಪತ್ರಕ್ಕೆ ಕೈಹಾಕಲಿಲ್ಲ. ಬಡ ಹೊಲಿಗೆಗಾರ್ತಿಯರ ಕೆಲಸ ಹೋಗುವುದೆಂಬ ಅಳುಕು ಅದಕ್ಕೆ ಕಾರಣವಾಗಿತ್ತೆಂದು ಹೇಳುತ್ತಾರೆ.

1851ರ ಆಗಸ್ಟ್ 12ರಂದು ಅಮೆರಿಕದಲ್ಲಿ ಒಂದೇ ದಿನ ಇಬ್ಬರಿಗೆ ಹೊಲಿಗೆಯಂತ್ರದ ಹಕ್ಕುಪತ್ರ ದೊರೆಯಿತು. ಒಬ್ಬ ಐಸಾಕ್ ಸಿಂಗರ್; ಆತನ ಹೆಸರು ಲೋಕವನ್ನೆಲ್ಲ ಸುತ್ತಿತು. ಇನ್ನೊಬ್ಬ ಅಲೆನ್ ವಿಲ್ಸನ್. ಆತನ ಹೆಸರು ಇಂದು ಬಹುಮಂದಿಗೆ ತಿಳಿಯದು. ಲಾಳಿ ಅತ್ತಿಂದಿತ್ತ ಓಡುವ ಬದಲು ಸುತ್ತು ತಿರುಗುವ ಕೊಕ್ಕೆಯೊಂದು ದಾರದ ಕುಣಿಕೆಯನ್ನು ಹಿಡಿಯಲಿ ಎಂಬ ಯೋಚನೆ ವಿಲ್ಸನ್ನನದು. ದುಂಡಗೆ ಚಪ್ಪಟೆಯಾದ ಬಾಬಿನ್ ಹೊಲಿಗೆಯಂತ್ರದೊಳಗೆ ನೆಲೆಯೂರಿದುದು ಆ ಯೋಚನೆಯ ಫಲ. ಹೆಸರು ಮಾಡಿದವನ ಪಕ್ಕದಲ್ಲಿ ಕಣ್ಮರೆಯಾಗಿ ದುಡಿದವನ ಕಾಣಿಕೆಯೂ ಕಣ್ಣಿಗೆ ಕಾಣದೆಯೇ ದುಡಿಯುತ್ತಿದೆ.

ಯಂತ್ರಗಳ ಬಗ್ಗೆ ಅಷ್ಟಾಗಿ ಒಲವಿಲ್ಲದ ಗಾಂಧೀಜಿಯವರು ಕೂಡ 1924ರಲ್ಲಿ ಆ ವಿಷಯವಾಗಿ ಮಾತನಾಡುತ್ತ ಹೊಲಿಗೆಯಂತ್ರವನ್ನು ತಮ್ಮ ಆಕ್ಷೇಪಣೆಯಿಂದ ಹೊರಗಿಟ್ಟರು. ಹೆಂಡತಿ ಕೈಹೊಲಿಗೆಯಲ್ಲಿ ಬಳಲುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದನೆಂದು ಅವರು ನಂಬಿದ್ದರು. ನಮ್ಮ ದೇಶದಲ್ಲಿಯೇ ಹೊಲಿಗೆಯಂತ್ರ ತಯಾರಾಗತೊಡಗಿದುದು 1930ರ ದಶಕದಲ್ಲಿ; ಕಲಕತ್ತೆಯ ಕಾರ್ಖಾನೆಯಿಂದ ಹೊರಬಂದ 'ಉಷಾ' ಮನೆಮನೆಯ ಮಾತಾಯಿತು. ಮುಂದೆ ಲೂಧಿಯಾನ ನಗರ ಯಂತ್ರಗಳಿಗೂ ಬಿಡಿಭಾಗಗಳಿಗೂ ಹೆಸರಾಯಿತು. ಈ ಊರುಗಳಿಂದ ಬಂದ ಕಪ್ಪು ಮೈಯ, ಚಿನ್ನದ ಬಣ್ಣದ ಅಕ್ಷರಗಳ ಯಂತ್ರಗಳು ಇಂದಿಗೂ ಸಾವಿರಾರು ಮನೆಗಳಲ್ಲಿವೆ. ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಅವುಗಳಿಗೆ ಸಂಬಂಧಿಸಿದ್ದು.

ಕೆಳಗೆ ನಡೆಯುವುದೇನು?

ಸೂಜಿ ಬಟ್ಟೆಯನ್ನು ಚುಚ್ಚಿ ಕೆಳಗಿಳಿದು, ಮೇಲಕ್ಕೇಳಲು ತೊಡಗಿದೊಡನೆ ಅದರ ಹಿಂಬದಿಯಲ್ಲಿ ದಾರ ಸ್ವಲ್ಪ ಸಡಿಲವಾಗಿ ಸಣ್ಣ ಕುಣಿಕೆಯೊಂದು ಮೂಡುತ್ತದೆ. ಕೆಳಗೆ ಕಾದಿರುವ ಶಟಲ್ಲಿನ ಮೂತಿ ಆ ಕುಣಿಕೆಯೊಳಗೆ ತೂರಿ, ಅದನ್ನು ಅಗಲಿಸಿ, ಬಾಬಿನ್ ಕೇಸನ್ನು ಪೂರ್ತಿಯಾಗಿ ಸುತ್ತಿಬರುವಂತೆ ಮಾಡುತ್ತದೆ. ಬಳಿಕ ಯಂತ್ರದ ಮುಖದಲ್ಲಿ ಏರಿಳಿಯುವ ಸನ್ನೆ ದಾರವನ್ನು ಮೇಲಕ್ಕೆಳೆದುಕೊಳ್ಳುತ್ತದೆ. ಹೀಗೆ ಮೇಲಿನ ದಾರ ಕೆಳಗಿನ ದಾರವನ್ನು ಒಮ್ಮೆ ಬಳಸಿ, ಎರಡೂ ಬಟ್ಟೆಯ ದಪ್ಪದ ನಡುವೆ ಕೈಕೈ ಹಿಡಿದು ನಿಲ್ಲುತ್ತವೆ. ಆದುದರಿಂದಲೇ ಒಂದು ತುದಿಯನ್ನು ಹಿಡಿದು ಎಳೆದರೆ ಈ ಹೊಲಿಗೆ ಬಿಚ್ಚಿಕೊಳ್ಳುವುದಿಲ್ಲ.

ಒಂದೊಂದು ಹೊಲಿಗೆಗೂ ಮೇಲಿನ ದಾರ ಬಾಬಿನ್ನಿಗೆ ಪ್ರದಕ್ಷಿಣೆ ಬರಬೇಕಾದುದರಿಂದ ಬಾಬಿನ್ ಕೇಸನ್ನು ಎಲ್ಲಿಯೂ ಬಿಗಿದು ಕಟ್ಟುವಂತಿಲ್ಲ. ಅದು ತನ್ನ ಸ್ಥಾನದಲ್ಲಿ ನಿಂತಿರಬೇಕು, ಆದರೆ ದಾರ ನುಸುಳುವಷ್ಟು ತೆರಪು ಸುತ್ತಲೂ ಇರಬೇಕು. ಇಷ್ಟು ನಾಜೂಕಾದ ಏರ್ಪಾಟಿನಲ್ಲಿ ಸಡಿಲವಾಗಿ ಸುತ್ತಿದ ಬಾಬಿನ್, ಅಂಚು ಮುಕ್ಕಾದ ಬಾಬಿನ್, ಅಥವಾ ಒಂದು ಚಿಟಿಕೆ ಬಟ್ಟೆಯ ಧೂಳು ಸೇರಿಕೊಂಡರೂ ಹೊಲಿಗೆ ಹದಗೆಡುವುದರಲ್ಲಿ ಆಶ್ಚರ್ಯವೇನಿದೆ?

ಸುತ್ತುವ ಕ್ರಮ

ಮೊದಲನೆಯದಾಗಿ, ಬಾಬಿನ್ ಬರಿದಾಗಿರಬೇಕು. ಹಳೆಯ ಬಿಳಿಯ ದಾರದ ಮೇಲೆಯೇ ಹೊಸ ಕೆಂಪು ದಾರವನ್ನು ಸುತ್ತುವ ಮಿತವ್ಯಯ ಕಡೆಗೆ ದುಬಾರಿಯಾಗುತ್ತದೆ. ಕೆಳಪದರ ಜಾರಿ, ದಾರ ಹೊಲಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಮೇಲೆ ಹಾಕುವ ದಾರವನ್ನೇ ಕೆಳಗೂ ಬಳಸುವುದು ಕ್ಷೇಮ. ಮೇಲೆ ದಪ್ಪ ದಾರ, ಕೆಳಗೆ ಅಗ್ಗದ ತೆಳು ದಾರವೆಂದರೆ ಎರಡೂ ಸಮವಾಗಿ ಎಳೆಯಲಾರವು.

ಎರಡನೆಯದಾಗಿ, ಸೂಜಿಗೆ ವಿಶ್ರಾಂತಿ ಕೊಡಬೇಕು. ಯಂತ್ರದ ಬಲಗಡೆಯ ಕೈಚಕ್ರವನ್ನು ಎಡಗೈಯಿಂದ ಹಿಡಿದು, ಅದರ ನಡುವಣ ತಿರುಪನ್ನು ಬಲಗೈಯಿಂದ ತನ್ನ ಕಡೆಗೆ ತಿರುಗಿಸಿ ಸಡಿಲಗೊಳಿಸಿದರೆ ಚಕ್ರ ಮಾತ್ರ ತಿರುಗುತ್ತದೆ. ಸೂಜಿ ನಿಶ್ಚಲವಾಗಿ ನಿಲ್ಲುತ್ತದೆ. ಇದನ್ನು ಮಾಡದೆ ಸುತ್ತಿದರೆ ಸೂಜಿಯೂ ಶಟಲ್ಲೂ ಬಟ್ಟೆಯಿಲ್ಲದೆ ವ್ಯರ್ಥವಾಗಿ ಓಡಿ ಸವೆಯುತ್ತವೆ.

ಮೂರನೆಯದಾಗಿ, ದಾರದ ದಾರಿ. ರೀಲನ್ನು ಅದರ ಕಡ್ಡಿಗೆ ಸಿಕ್ಕಿಸಿ, ದಾರವನ್ನು ಯಂತ್ರದ ತಳಹಲಗೆಯ ಬಲತುದಿಯಲ್ಲಿರುವ ಸಣ್ಣ ಬಿಲ್ಲೆಗಳ ನಡುವಿನಿಂದ ತರಬೇಕು. ಬಹುಮಂದಿ ಉಪೇಕ್ಷಿಸುವುದು ಈ ಬಿಲ್ಲೆಗಳನ್ನೇ. ರೀಲಿನಿಂದ ನೇರವಾಗಿ, ಬೆರಳ ಸಂದಿಯಲ್ಲಿ ದಾರವನ್ನು ಹಿಡಿದು ಸುತ್ತುವವರು ಅನೇಕರು. ಬೆರಳಿನ ಬಿಗಿ ಒಂದು ಗಳಿಗೆ ಇದ್ದಂತೆ ಇನ್ನೊಂದು ಗಳಿಗೆ ಇರದು. ಬಿಲ್ಲೆಗಳ ಬಿಗಿ ಮೊದಲಿಂದ ಕೊನೆಯವರೆಗೆ ಒಂದೇ ಸಮನಾಗಿರುತ್ತದೆ. ದಾರದ ತುದಿಯನ್ನು ಬಾಬಿನ್ನಿನ ಪಕ್ಕದ ತೂತಿನಲ್ಲಿ ಒಳಗಿನಿಂದ ಹೊರಕ್ಕೆ ತೂರಿಸಿ, ಬಾಬಿನ್ನನ್ನು ಸುತ್ತುಗಂಬಿಗೆ ಅಲುಗದಂತೆ ಸೇರಿಸಿ, ಗಂಬಿಯ ರಬ್ಬರು ಬಳೆ ಕೈಚಕ್ರಕ್ಕೆ ತಾಗುವಂತೆ ಒತ್ತಬೇಕು. ತುದಿಯನ್ನು ಕೈಯಲ್ಲಿ ಹಿಡಿದೇ ಯಂತ್ರವನ್ನು ನಿಧಾನವಾಗಿ ತುಳಿಯತೊಡಗಿ, ಐದಾರು ಸುತ್ತು ಬಿದ್ದ ಮೇಲೆ ಆ ತುದಿಯನ್ನು ತೂತಿನ ಬುಡಕ್ಕೆ ಕತ್ತರಿಸಿಬಿಡಬೇಕು. ಹೊರಗೆ ಉಳಿದ ಬಾಲ ಮುಂದೆ ಬಾಬಿನ್ ಕೇಸಿನೊಳಗೆ ತೊಡರುತ್ತದೆ.

ವೇಗದಲ್ಲಿ ಹದವಿರಬೇಕು. ಇಂದಿನ ದಾರಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರಿನವು. ಅವಸರದಿಂದ ಬಿಗಿಯಾಗಿ ಸುತ್ತಿದರೆ ಅವು ಹಿಗ್ಗುತ್ತವೆ. ಬಟ್ಟೆಯನ್ನು ಸೇರಿದ ಮೇಲೆ ಮತ್ತೆ ತಮ್ಮ ಅಳತೆಗೆ ಕುಗ್ಗಿ, ಹೊಲಿಗೆಯುದ್ದಕ್ಕೂ ನೆರಿಗೆ ಹಿಡಿಸುತ್ತವೆ. ಹೊಸ ರವಿಕೆಯ ಬೆನ್ನಿನಲ್ಲಿ ಇಸ್ತ್ರಿಗೂ ಹೋಗದ ಸುಕ್ಕು ಮೂಡಿದಾಗ ಬಟ್ಟೆಯನ್ನು ಹಳಿಯುವ ಮುನ್ನ ಇದನ್ನು ನೆನೆಯಬಹುದು.

ಬಾಬಿನ್ನನ್ನು ಅಂಚಿನವರೆಗೆ ತುಂಬುವ ಆಸೆ ಬೇಡ. ಅಂಚಿಗಿಂತ ಒಂದು ಮಿಲಿಮೀಟರಿನಷ್ಟು ಒಳಗೇ ನಿಲ್ಲಿಸಬೇಕು. ಸುತ್ತಿದುದನ್ನು ಹೆಬ್ಬೆರಳ ಉಗುರಿನಿಂದ ಒತ್ತಿ ನೋಡಿದರೆ ಹತ್ತಿಯಂತೆ ಮೆತ್ತಗೆ ತಗ್ಗಬಾರದು. ನಡುವೆ ಉಬ್ಬಿ ಅಂಚುಗಳಲ್ಲಿ ಬರಿದಾಗಿಯೂ ಇರಬಾರದು. ಹಾಗಿದ್ದರೆ ಬಿಚ್ಚಿ ಮತ್ತೆ ಸುತ್ತುವುದೇ ಲೇಸು. ಕೊನೆಯದಾಗಿ, ಸಡಿಲಗೊಳಿಸಿದ ತಿರುಪನ್ನು ಮರಳಿ ಬಿಗಿಯಬೇಕು. ಇದನ್ನು ಮರೆತು, ಚಕ್ರ ತಿರುಗಿದರೂ ಸೂಜಿ ಕದಲದಿರುವುದನ್ನು ಕಂಡು ಗಾಬರಿಯಾಗಿ, ರಿಪೇರಿಯವನಿಗೆ ಹೇಳಿಕಳುಹಿಸುವವರುಂಟು. ಆತ ಬಂದು ತಿರುಪನ್ನೊಮ್ಮೆ ತಿರುಗಿಸಿ, ಬಂದುದಕ್ಕೆ ಕೂಲಿ ಕೇಳಿದರೆ ಇಲ್ಲವೆನ್ನುವುದು ಹೇಗೆ?

ಕೂಡಿಸುವ ಕ್ರಮ

ಸುತ್ತುವುದಕ್ಕಿಂತ ಕೂಡಿಸುವುದು ಸೂಕ್ಷ್ಮ. ಬಾಬಿನ್ ಕೇಸನ್ನು ಎಡಗೈಯಲ್ಲಿ, ಅದರ ಸೀಳು ಮೇಲ್ಗಡೆಗೆ ಬರುವಂತೆ ಹಿಡಿಯಬೇಕು. ಬಾಬಿನ್ನನ್ನು ಬಲಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ, ದಾರ ಅದರ ಮೇಲ್ಭಾಗದಿಂದ ಎಡದಿಂದ ಬಲಕ್ಕೆ ಹೊರಡುವಂತೆ ಹಿಡಿದು ಕೇಸಿನೊಳಗೆ ಇಳಿಸಬೇಕು. ಆಮೇಲೆ ದಾರವನ್ನು ಸೀಳಿನೊಳಗೆ ಎಳೆದು, ಹಿಂದಕ್ಕೆ ತಿರುಗಿಸಿ, ಪಟ್ಟಿ ಸ್ಪ್ರಿಂಗಿನ ಕೆಳಗೆ ಜಾರಿಸಿ, ಅದರ ತುದಿಯ ಕಿಂಡಿಗೆ ತರಬೇಕು. ಕಿಂಡಿಗೆ ಬಂದಾಗ 'ಟಕ್' ಎಂಬ ಸಣ್ಣ ಸದ್ದು ಬೆರಳಿಗೇ ತಿಳಿಯುತ್ತದೆ.

ಸರಿಯಾಯಿತೇ ಎಂದು ನೋಡುವ ಬಗೆ ಸುಲಭ. ಕೇಸಿನ ತೆರೆದ ಬದಿಯನ್ನು ಕಣ್ಣಿಗೆ ಎದುರಾಗಿ ಹಿಡಿದು ದಾರವನ್ನು ಎಳೆದರೆ ಬಾಬಿನ್ ಗಡಿಯಾರದ ಮುಳ್ಳಿನಂತೆ ತಿರುಗಬೇಕು. ವಿರುದ್ಧವಾಗಿ ತಿರುಗಿದರೆ ಬಾಬಿನ್ನನ್ನು ಮಗುಚಿ ಹಾಕಬೇಕು. ದಾರ ಸೀಳಿನಲ್ಲಿ ಹಿಂದಕ್ಕೆ ಮಡಚಿ ಹೋಗುವುದರಿಂದಲೇ ಅದು ಸ್ಪ್ರಿಂಗಿನ ಹಿಡಿತದಲ್ಲಿ ಉಳಿಯುತ್ತದೆ. ತಿರುವುಮುರುವಾದರೆ ಮೆಲ್ಲಗೆ ಜಾರಿ ಹೊರಬೀಳುತ್ತದೆ. ಇತ್ತೀಚಿನ ಕೆಲವು ವಿದ್ಯುದ್ಯಂತ್ರಗಳಲ್ಲಿ ಬಾಬಿನ್ನನ್ನು ಮೇಲಿನಿಂದಲೇ ನೇರವಾಗಿ ಗುಳಿಯೊಳಗೆ ಇಳಿಸುವ ಏರ್ಪಾಟಿದೆ. ಅವುಗಳಲ್ಲಿ ಸಾಮಾನ್ಯವಾಗಿ ದಿಕ್ಕು ಇದಕ್ಕೆ ಪ್ರತಿಯಾಗಿರುತ್ತದೆ; ಯಂತ್ರದ ಜೊತೆಗೆ ಬಂದ ಪುಸ್ತಕದ ಚಿತ್ರವೇ ಅಲ್ಲಿ ಪ್ರಮಾಣ.

ಇನ್ನು ಯಂತ್ರದೊಳಗೆ. ಕೈಚಕ್ರವನ್ನು ತಿರುಗಿಸಿ ಸೂಜಿಯನ್ನು ತೀರ ಮೇಲಕ್ಕೆ ತಂದಿರಿಸಬೇಕು. ಎಡಗಡೆಯ ಜಾರುತಗಡನ್ನು ಸರಿಸಿ, ಬಾಬಿನ್ ಕೇಸಿನ ಕೀಲುಬಾಗಿಲನ್ನು ಎರಡು ಬೆರಳುಗಳಿಂದ ತೆರೆದು ಹಿಡಿಯಬೇಕು. ಅದು ತೆರೆದಿರುವಷ್ಟು ಹೊತ್ತು ಬಾಬಿನ್ ಕೇಸಿನಿಂದ ಜಾರಿಬೀಳದು. ಮಾಡಿದವರ ಜಾಣತನ ಅದು. ಕೇಸನ್ನು ಶಟಲ್ಲಿನ ನಡುಗೂಟಕ್ಕೆ ಸೇರಿಸಿ, ಅದರ ಚಾಚುಬೆರಳು ಮೇಲಿನ ಕಚ್ಚಿನಲ್ಲಿ ಕೂರುವಂತೆ ಮಾಡಿ, ಕೀಲನ್ನು ಬಿಟ್ಟು, 'ಕಟ್' ಎಂದು ಕಚ್ಚಿಕೊಳ್ಳುವ ತನಕ ಒಳಕ್ಕೆ ಒತ್ತಬೇಕು. ಆ ಸದ್ದು ಕೇಳುವ ಮುನ್ನ ತುಳಿಯಲು ಹೊರಟರೆ, ಕೇಸು ಅರ್ಧ ಹೊರಗಿದ್ದು ಸೂಜಿ ಅದಕ್ಕೆ ಬಡಿದು ಮುರಿಯುವುದು ಖಂಡಿತ. ದಾರವನ್ನು ಮೂರು ನಾಲ್ಕು ಅಂಗುಲ ಹೊರಗೆ ಬಿಟ್ಟಿರಬೇಕು.

ಕಡೆಗೆ, ಸೂಜಿಯ ದಾರದ ತುದಿಯನ್ನು ಎಡಗೈಯಲ್ಲಿ ಸಡಿಲವಾಗಿ ಹಿಡಿದು, ಕೈಚಕ್ರವನ್ನು ತನ್ನ ಕಡೆಗೆ ಒಂದು ಪೂರ್ತಿ ಸುತ್ತು ತಿರುಗಿಸಬೇಕು. ಸೂಜಿ ಇಳಿದು ಏರಿದಾಗ ಕೆಳಗಿನ ದಾರವನ್ನು ಕುಣಿಕೆಯಾಗಿ ಮೇಲಕ್ಕೆ ಸೆಳೆದು ತರುತ್ತದೆ. ಎರಡು ದಾರಗಳನ್ನೂ ಒತ್ತುಪಾದದ ಕೆಳಗಿನಿಂದ ಹಿಂದಕ್ಕೆ ಹಾಸಿ, ಆಮೇಲೆ ಹೊಲಿಗೆಗೆ ತೊಡಗುವುದು.

ದೂರು ಯಾರ ಮೇಲೆ?

ಹೊಲಿಗೆ ಕೆಟ್ಟಾಗ ತಪ್ಪು ಯಾರದೆಂದು ತಿಳಿಯುವುದು ನ್ಯಾಯಾಧೀಶನ ಕೆಲಸದಂತೆ. ಕಣ್ಣಿಗೆ ಕಂಡುದೇ ಸತ್ಯವಲ್ಲ. ಬಟ್ಟೆಯ ಕೆಳಬದಿಯಲ್ಲಿ ದಾರ ಗೂಡುಗಟ್ಟಿದಾಗ ಎಲ್ಲರೂ ಬೈಯುವುದು ಬಾಬಿನ್ನನ್ನು. ಆದರೆ ಅಪರಾಧಿ ಹೆಚ್ಚಾಗಿ ಮೇಲಿನ ದಾರ. ಒತ್ತುಪಾದವನ್ನು ಇಳಿಸಿಟ್ಟು ದಾರ ಪೋಣಿಸಿದರೆ ಮೇಲಿನ ಟೆನ್ಷನ್ ಬಿಲ್ಲೆಗಳು ಮುಚ್ಚಿಕೊಂಡಿದ್ದು, ದಾರ ಅವುಗಳ ನಡುವೆ ಕೂರುವುದೇ ಇಲ್ಲ. ಹಿಡಿತವಿಲ್ಲದ ಆ ದಾರವನ್ನು ಸನ್ನೆ ಮೇಲಕ್ಕೆಳೆಯಲಾರದೆ, ಅದೆಲ್ಲ ಕೆಳಗೆ ರಾಶಿಯಾಗುತ್ತದೆ. ಒತ್ತುಪಾದವನ್ನೆತ್ತಿ ಮತ್ತೊಮ್ಮೆ ಪೋಣಿಸಿದರೆ ಅನೇಕ ವೇಳೆ ರೋಗ ಅಲ್ಲಿಗೇ ವಾಸಿ.

ಇದಕ್ಕೆ ಪ್ರತಿಯಾಗಿ, ಕೆಳಗಿನ ದಾರ ಬಟ್ಟೆಯ ಮೇಲ್ಬದಿಯಲ್ಲಿ ಚುಕ್ಕೆಚುಕ್ಕೆಯಾಗಿ ಇಣುಕಿದರೆ ಬಾಬಿನ್ನಿನ ಬಿಗಿ ಸಾಲದು, ಇಲ್ಲವೆ ಮೇಲಿನ ಬಿಗಿ ಮಿತಿಮೀರಿದೆ. ಬಾಬಿನ್ನಿನ ಬಿಗಿಯನ್ನು ಅಳೆಯಲು ದರ್ಜಿಗಳು ಬಳಸುವ ಉಪಾಯವೊಂದಿದೆ. ಬಾಬಿನ್ ತುಂಬಿದ ಕೇಸನ್ನು ಅದರ ದಾರದಿಂದಲೇ ತೂಗಬಿಡುವುದು. ತಾನಾಗಿಯೇ ಸರ್ರನೆ ಇಳಿದರೆ ಸಡಿಲ. ಕೈಯನ್ನು ಜಗ್ಗಿದರೂ ಕದಲದಿದ್ದರೆ ಅತಿ ಬಿಗಿ. ಮೆಲ್ಲನೆ ಜಗ್ಗಿದಾಗ ಸ್ವಲ್ಪ ಇಳಿದು ನಿಂತರೆ ಹದ. ತಿದ್ದಬೇಕಾದರೆ ಸ್ಪ್ರಿಂಗಿನ ಮೇಲಿನ ಪುಟ್ಟ ತಿರುಪನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಪ್ರತಿಸಲವೂ ಹಳೆಯ ಬಟ್ಟೆಯ ತುಂಡಿನ ಮೇಲೆ ಹೊಲಿದು ನೋಡಬೇಕು. ಮೊದಲು ಮೇಲಿನ ಬಿಗಿಯನ್ನು ಸರಿಪಡಿಸಿ, ಅದರಿಂದ ಆಗದಿದ್ದರೆ ಮಾತ್ರ ಈ ತಿರುಪಿಗೆ ಕೈಹಾಕುವುದು ಜಾಣತನ.

ಬಿಗಿ ಸರಿಯಿದ್ದೂ ಹೊಲಿಗೆ ತಪ್ಪುತ್ತಿದ್ದರೆ ಕೇಸನ್ನು ಹೊರತೆಗೆದು, ಸಣ್ಣ ಕುಂಚದಿಂದ ಶಟಲ್ಲಿನ ಓಣಿಯ ಧೂಳನ್ನು ತೆಗೆದು, ಹೊಲಿಗೆಯಂತ್ರದ ಎಣ್ಣೆಯನ್ನೇ ಒಂದು ತೊಟ್ಟು ಬಿಡಬೇಕು. ಕೊಬ್ಬರಿ ಎಣ್ಣೆ ಕೈಗೆ ಸಿಕ್ಕಿತೆಂದು ಅದನ್ನು ಬಿಟ್ಟರೆ ಕೆಲದಿನಗಳಲ್ಲೇ ಅಂಟಾಗಿ ಯಂತ್ರವೇ ಬಿಗಿದುಕೊಳ್ಳುತ್ತದೆ. ಮಲೆನಾಡು ಕರಾವಳಿಗಳ ಮಳೆಗಾಲದಲ್ಲಿ ಉಕ್ಕಿನ ಬಾಬಿನ್ನುಗಳಿಗೆ ತುಕ್ಕು ಹಿಡಿಯದಂತೆ ಮುಚ್ಚಳವಿರುವ ಡಬ್ಬಿಯಲ್ಲಿಡುವುದು ಒಳ್ಳೆಯದು. ಅಂಚು ಬಾಗಿದ ಬಾಬಿನ್ನನ್ನು ನೇರಮಾಡಲು ಹೋಗದೆ ಎಸೆದುಬಿಡಬೇಕು. ಹೊಸದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಅದು ಕೆಡಿಸುವ ಬಟ್ಟೆಯ ಬೆಲೆ ಹಾಗಲ್ಲ.

ಚಿಕ್ಕ ವಿದ್ಯೆ, ದೊಡ್ಡ ಆಸರೆ

ಹೊಲಿಗೆಯಂತ್ರವನ್ನು ಹಂಚುವ ಕಾರ್ಯ ಇಂದು ನಾಡಿನೆಲ್ಲೆಡೆ ನಡೆಯುತ್ತಿದೆ. ಸಂಘಸಂಸ್ಥೆಗಳು ಸಮಾರಂಭ ಮಾಡಿ ಕೊಡುತ್ತವೆ; 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ದರ್ಜಿಯದೂ ಒಂದಾಗಿದ್ದು, ಸಲಕರಣೆಗೆಂದು 15,000 ರೂಪಾಯಿಗಳವರೆಗೆ ನೆರವನ್ನು ಗೊತ್ತುಪಡಿಸಿದೆ. ಬೆಂಗಳೂರಿನ ಸುತ್ತಮುತ್ತಲಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಲಕ್ಷಾಂತರ ಮಂದಿ ದುಡಿಯುತ್ತಾರೆ. ಅವರಲ್ಲಿ ಹೆಂಗಸರೇ ಹೆಚ್ಚು. ಅಲ್ಲಿ ಬಾಬಿನ್ ಮುಗಿದೊಡನೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬದಲಿಸುವ ಕೈಚಳಕ ಅವರಿಗೆ ಅಭ್ಯಾಸದಿಂದ ಬಂದಿದೆ. ಮನೆಯಲ್ಲಿ ಒಬ್ಬಳೇ ಕುಳಿತು ಕಲಿಯುವವಳಿಗೆ ಪಕ್ಕದಲ್ಲಿ ನೋಡಿ ಕಲಿಯಲು ಯಾರೂ ಇಲ್ಲ.

ಶಾಲೆ ತೆರೆಯಲು ಎರಡೇ ದಿನಗಳಿವೆ. ಹತ್ತು ಮಕ್ಕಳ ಸಮವಸ್ತ್ರ ಒಪ್ಪಿಕೊಂಡಾಗಿದೆ. ಮುಂಗಡದ ಹಣ ಅಕ್ಕಿಗೆ ಹೋಗಿದೆ. ಆ ಹೊತ್ತಿನಲ್ಲಿ ಕೆಳಗೆ ದಾರ ಗಂಟುಗಟ್ಟಿ ಯಂತ್ರ ನಿಂತರೆ ಹೋಗುವುದು ಎರಡು ದಿನದ ಕೂಲಿ ಮಾತ್ರವಲ್ಲ, ಆಕೆಯ ಮಾತಿನ ಮೇಲೆ ಊರವರು ಇಟ್ಟ ನಂಬಿಕೆಯೂ ಹೋಗುತ್ತದೆ. ಮುಂದಿನ ವರ್ಷ ಬಟ್ಟೆ ಬೇರೆಯವರ ಮನೆಗೆ ಹೋಗುತ್ತದೆ. ಯಂತ್ರ ಮೂಲೆಗೆ ಸೇರುತ್ತದೆ. ಇದನ್ನು ತಪ್ಪಿಸಲು ಬೇಕಾದುದು ಒಂದು ಮಧ್ಯಾಹ್ನದ ಪಾಠ. ಆದುದರಿಂದ ಯಂತ್ರ ಕೊಡುವವರು ಅದರೊಡನೆ ಮೂರು ಬರಿದಾದ ಬಾಬಿನ್ನುಗಳನ್ನೂ ಅವನ್ನು ತುಂಬಿ ಕೂಡಿಸಲು ಹೇಳಿಕೊಡುವ ಒಬ್ಬರನ್ನೂ ಕಳುಹಿಸಿದರೆ ದಾನ ಪೂರ್ತಿಯಾದೀತು. ಮನೆಯಲ್ಲಿ ಬಲ್ಲ ಅತ್ತೆಯಿದ್ದರೆ ಸೊಸೆಗೆ, ಬಲ್ಲ ಸೊಸೆಯಿದ್ದರೆ ಅತ್ತೆಗೆ ಕಲಿಸಲು ಸಂಕೋಚವೇಕೆ? ಗಂಡುಮಕ್ಕಳೂ ಕಲಿತರೆ ಕೇಡೇನಿಲ್ಲ. ಊರಿನ ದರ್ಜಿಗಳಲ್ಲಿ ಗಂಡಸರಿಗೇನು ಕೊರತೆಯೆ?

ಉದ್ದದ ಹೊಲಿಗೆಗೆ ಕೂರುವ ಮುನ್ನ ಜಾರುತಗಡನ್ನು ಸರಿಸಿ ಕೆಳಗೆ ದಾರವೆಷ್ಟಿದೆಯೆಂದು ಒಮ್ಮೆ ನೋಡುವುದು, ಒಂದೆರಡು ಬಾಬಿನ್ನುಗಳನ್ನು ಮೊದಲೇ ತುಂಬಿಟ್ಟುಕೊಳ್ಳುವುದು: ಇವೆರಡು ಅಭ್ಯಾಸಗಳು ಕೈಗೂಡಿದರೆ ರಾತ್ರಿಯ ನಿದ್ದೆ ಉಳಿಯುತ್ತದೆ. ಹಬ್ಬದ ದಿನ ಹೊಸ ಲಂಗ ತೊಟ್ಟು ಕುಣಿಯುವ ಮಗುವಿಗೆ ಈ ವಿಷಯವೊಂದೂ ತಿಳಿಯದು. ಹೊಲಿಗೆ ಬಿಡದಿದ್ದರೆ ಸಾಕು, ಹೊಲಿದವಳಿಗೆ ಅದೇ ಸಮಾಧಾನ.